ತುಮಕೂರು ಸ್ಮಾರ್ಟ್ ಸಿಟಿ ಮುಗೀತು, ಅಗೆಯೋ ಕೆಲಸ ಮುಗೀಲಿಲ್ಲ: ತಿಪಟೂರು ಅಂಗಡಿಯವರು ಈಗಲೇ ಕೇಳಬೇಕಾದ ಲೆಕ್ಕ

ತಿಪಟೂರು: ಡಿಸಿ ಆಫೀಸಿಗೆ, ಕೋರ್ಟಿಗೆ, ಜಿಲ್ಲಾಸ್ಪತ್ರೆಗೆ, ಮಕ್ಕಳ ಕಾಲೇಜಿಗೆ ಅಂತ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯಿಂದ ತುಮಕೂರಿಗೆ ಓಡಾಡೋರಿಗೆ ಇಷ್ಟು ವರ್ಷದಲ್ಲಿ ಒಂದು ಅಭ್ಯಾಸ ಬಂದುಬಿಟ್ಟಿದೆ. ಬಸ್ ಇಳಿದ ಕೂಡಲೇ ಬೋರ್ಡ್ ನೋಡಲ್ಲ, ಕಾಲ ಕೆಳಗೆ ನೋಡ್ತಾರೆ. ಹೋದ ಸಲ ನಡೆದು ಹೋದ ರಸ್ತೆ ಈ ಸಲ ಇರುತ್ತೋ ಇಲ್ಲವೋ ಅನ್ನೋ ಅನುಮಾನ. ಬಸ್ ನಿಲ್ದಾಣವನ್ನೇ ಕೆಡವಿ ಹೊಸದಾಗಿ ಕಟ್ಟುವಾಗ ತಾತ್ಕಾಲಿಕ ನಿಲ್ದಾಣದ ಧೂಳು ಕುಡಿದವರಲ್ಲಿ ನಮ್ಮ ಮೂರು ತಾಲ್ಲೂಕಿನ ಜನ ಕಡಿಮೆ ಇಲ್ಲ. 2024ರಲ್ಲಿ ಹೊಸ ನಿಲ್ದಾಣ ಉದ್ಘಾಟನೆ ಆಯ್ತು. ಕಟ್ಟಡ ದೊಡ್ಡದಾಗಿದೆ, ಹಳೇದಕ್ಕಿಂತ ಚೆನ್ನಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಹೊರಗೆ ಬಂದು ಆಟೋ ಹತ್ತಿದರೆ ಮತ್ತೆ ಅದೇ ಕಥೆ ಅನ್ನೋದು ತುಮಕೂರಿನವರ ಬಾಯಲ್ಲೇ ಕೇಳಿಬರೋ ದೂರು.

ಸ್ಮಾರ್ಟ್ ಸಿಟಿ ಮಿಷನ್ 2025ರ ಮಾರ್ಚ್ 31ಕ್ಕೆ ಅಧಿಕೃತವಾಗಿ ಮುಗಿದಿದೆ. 'ಅದು ತುಮಕೂರಿನವರ ಪಾಡು, ನಮಗೇನು' ಅಂತ ತಿಪಟೂರು ದೊಡ್ಡಪೇಟೆಯಲ್ಲೋ ಕೋಡಿ ಸರ್ಕಲ್‌ನಲ್ಲೋ ಕೂತು ಹೇಳೋದು ಸುಲಭ. ಆದರೆ ತುಮಕೂರಿನಲ್ಲಿ ಏನು ತಪ್ಪಾಯ್ತೋ ಅದೇ ರೀತಿಯ ಕೆಲಸ, ಅದೇ ರೀತಿಯ ಟೆಂಡರ್ ಸಣ್ಣ ಊರುಗಳಿಗೂ ಬರ್ತಾ ಇದೆ. ದುಡ್ಡು ಮಾತ್ರ ಸಣ್ಣದು.

ಮೊದಲು ದೊಡ್ಡ ದುಡ್ಡಿನ ಲೆಕ್ಕ. ಕೇಂದ್ರ ಸರ್ಕಾರ 2015ರ ಜೂನ್ 25ರಂದು 100 ನಗರಗಳ ಗುರಿ ಇಟ್ಟು ಈ ಯೋಜನೆ ಶುರು ಮಾಡಿತು. ರಾಜ್ಯದಿಂದ ಮೊದಲ ಪಟ್ಟಿಯಲ್ಲಿ ದಾವಣಗೆರೆ, ಬೆಳಗಾವಿ ಬಂದವು. 2016ರ ಸೆಪ್ಟೆಂಬರ್‌ನಲ್ಲಿ ಎರಡನೇ ಪಟ್ಟಿ ಬಂದಾಗ ಹುಬ್ಬಳ್ಳಿ–ಧಾರವಾಡ, ಮಂಗಳೂರು, ಶಿವಮೊಗ್ಗ ಜೊತೆ ತುಮಕೂರಿನ ಹೆಸರೂ ಇತ್ತು. ಬೆಂಗಳೂರಿನ ಹೆಸರು ಬಂದದ್ದು ಆಮೇಲೆ, 2017ರಲ್ಲಿ. ಒಂದೊಂದು ನಗರಕ್ಕೆ ಕೇಂದ್ರದಿಂದ 500 ಕೋಟಿ, ಅಷ್ಟೇ ಮೊತ್ತ ರಾಜ್ಯದ ಕಡೆಯಿಂದ, ಒಟ್ಟು ಸಾವಿರ ಕೋಟಿ ಅನ್ನೋದು ನಿಯಮ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ, 2025ರ ಉಂಡೆ ಕೊಬ್ಬರಿ ಬೆಂಬಲ ಬೆಲೆ ಕ್ವಿಂಟಾಲ್‌ಗೆ 12,100 ರೂಪಾಯಿ. ಆ ದರದಲ್ಲಿ ಸಾವಿರ ಕೋಟಿಗೆ ಹೆಚ್ಚುಕಮ್ಮಿ 8 ಲಕ್ಷ 26 ಸಾವಿರ ಕ್ವಿಂಟಾಲ್ ಕೊಬ್ಬರಿ ಬರುತ್ತೆ. ಐದು ವರ್ಷದಲ್ಲಿ ಮುಗೀಬೇಕಿದ್ದ ಕೆಲಸ. ಗಡುವು 2023ರ ಜೂನ್‌ಗೆ ಹೋಯ್ತು, ಅಲ್ಲಿಂದ 2024ರ ಜೂನ್‌ಗೆ, ಕೊನೆಗೆ 2025ರ ಮಾರ್ಚ್‌ಗೆ.

ಇಷ್ಟು ದುಡ್ಡು ಊರಿಗೆಲ್ಲಾ ಹರಡಲಿಲ್ಲ ಅನ್ನೋದು ತುಮಕೂರಿನ ಹೊರಬಡಾವಣೆ ಜನರ ಸಿಟ್ಟು. ಆ ಸಿಟ್ಟು ಸರಿ, ಆದ್ರೆ ಯೋಜನೆ ಇದ್ದದ್ದೇ ಹಾಗೆ. ಮಾರ್ಗಸೂಚಿಯ ಪ್ರಕಾರ ಹೆಚ್ಚಿನ ಹಣ ಹೋಗೋದು ಮೊದಲೇ ಗೆರೆ ಎಳೆದು ಗುರುತಿಸಿದ ಒಂದು ಪ್ರದೇಶಕ್ಕೆ. ಹಳೇ ಊರನ್ನೇ ಸುಧಾರಿಸೋದಾದ್ರೆ 500 ಎಕರೆ, ಕೆಡವಿ ಕಟ್ಟೋದಾದ್ರೆ 50 ಎಕರೆ, ಖಾಲಿ ಜಾಗದಲ್ಲಿ ಹೊಸದಾಗಿ ಮಾಡೋದಾದ್ರೆ 250 ಎಕರೆ ಇರಬೇಕು. ಊರಿಗೆಲ್ಲಾ ಸೇರಿದಂತೆ ಇರೋದು ತಂತ್ರಜ್ಞಾನದ ಕೆಲಸ, ಅಂದ್ರೆ ಕ್ಯಾಮೆರಾ, ಕಂಟ್ರೋಲ್ ರೂಮ್ ಇಂಥವು. ಹಾಗಾಗಿ ಬಸ್ ನಿಲ್ದಾಣ, ಮಹಾತ್ಮ ಗಾಂಧಿ ಕ್ರೀಡಾಂಗಣ, ಅಮಾನಿಕೆರೆ, ನಡುಊರಿನ ಸ್ಮಾರ್ಟ್ ರಸ್ತೆಗಳು ಕಣ್ಣಿಗೆ ಕಾಣ್ತವೆ. ಎರಡು ಕಿಲೋಮೀಟರ್ ಆಚೆ ಹೋದ್ರೆ ಚರಂಡಿ ಇಲ್ಲದ ಬೀದಿ. ಅಲ್ಲಿನ ನಿವಾಸಿ ಮಾತ್ರ ತೆರಿಗೆ ಕಟ್ಟುವಾಗ ಸ್ಮಾರ್ಟ್ ಸಿಟಿಯವನೇ.

ಯಾರನ್ನ ಕೇಳೋದು?

ಪಾಲಿಕೆ ಸದಸ್ಯರನ್ನ ಕೇಳಿದ್ರೆ 'ಅದು ಸ್ಮಾರ್ಟ್ ಸಿಟಿಯವರ ಕೆಲಸ' ಅಂತಾರೆ. ಸ್ಮಾರ್ಟ್ ಸಿಟಿ ಆಫೀಸಿಗೆ ಹೋದ್ರೆ 'ಗುಂಡಿ ತೋಡಿದ್ದು ನೀರಿನ ಬೋರ್ಡ್‌ನವರು' ಅಂತಾರೆ. ಬೋರ್ಡ್‌ನವರು ಗುತ್ತಿಗೆದಾರನ ಫೋನ್ ನಂಬರ್ ಕೊಡ್ತಾರೆ. ಅವನು ಫೋನ್ ಎತ್ತಲ್ಲ. ಇದು ತಮಾಷೆ ಅಲ್ಲ, ಇದಕ್ಕೆ ಕಾನೂನಿನ ಕಾರಣ ಇದೆ.

ಈ ಯೋಜನೆಯನ್ನ ನಡೆಸಿದ್ದು ಪಾಲಿಕೆ ಅಲ್ಲ, ಅದಕ್ಕಂತಲೇ ಮಾಡಿದ ಕಂಪನಿ. ಪ್ರತಿ ನಗರದಲ್ಲೂ ಹೀಗೇ. ಕಂಪನಿಯಲ್ಲಿ ರಾಜ್ಯ ಸರ್ಕಾರದ್ದು ಅರ್ಧ ಪಾಲು, ನಗರ ಸ್ಥಳೀಯ ಸಂಸ್ಥೆಯದ್ದು ಅರ್ಧ ಪಾಲು. ಬೇಗ ನಿರ್ಧಾರ ಆಗಲಿ, ರಾಜಕೀಯ ಅಡ್ಡ ಬರದಿರಲಿ ಅನ್ನೋದು ಉದ್ದೇಶ. ಬೇಗ ಆಗಲಿಲ್ಲ ಅನ್ನೋದನ್ನ ಗಡುವಿನ ಕಥೆಯೇ ಹೇಳುತ್ತೆ. ಆದ್ರೆ ವಾರ್ಡಿನ ಜನ ಓಟು ಹಾಕಿ ಕಳಿಸಿದ ಸದಸ್ಯನ ಕೈಗೆ ಮಾತ್ರ ಏನೂ ಸಿಗಲಿಲ್ಲ. ಸಂಸದರು, ಶಾಸಕರು, ಮೇಯರ್, ನಾಗರಿಕರು ಇರುವ ನಗರ ಮಟ್ಟದ ಸಲಹಾ ವೇದಿಕೆ ಇರಬೇಕು ಅಂತ ಮಾರ್ಗಸೂಚಿಯಲ್ಲಿತ್ತು. ಹೆಸರೇ ಹೇಳುವ ಹಾಗೆ ಅದು ಸಲಹೆ ಕೊಡೋಕೆ ಮಾತ್ರ. 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದಾಗ ಪಟ್ಟಣದ ಕೆಲಸ ಪಟ್ಟಣದವರ ಕೈಗೆ ಅಂತ ಹೇಳಿದ್ದು ಒಂದು ಕಡೆ, ಇದು ಇನ್ನೊಂದು ಕಡೆ.

ಹಳ್ಳಿ ಕಡೆಯೂ ಕೇಳೋರಿಲ್ಲ ಅನ್ನೋದನ್ನ ಇಲ್ಲೇ ಹೇಳಬೇಕು. ಜಿಲ್ಲಾ ಪಂಚಾಯಿತಿ, ತಾಲ್ಲೂಕು ಪಂಚಾಯಿತಿಗಳಿಗೆ ಕೊನೆಯ ಚುನಾವಣೆ ನಡೆದದ್ದು 2016ರಲ್ಲಿ. ಅವಧಿ 2021ರಲ್ಲೇ ಮುಗೀತು. ಅಂದಿನಿಂದ ಅಧಿಕಾರಿಗಳದ್ದೇ ಆಡಳಿತ. ತೆಂಗಿನ ತೋಟದ ದಾರಿ ಕೆಟ್ಟರೂ ಪಟ್ಟಣದ ಬೀದಿ ಕೆಟ್ಟರೂ ಅರ್ಜಿ ಹೋಗೋದು ಅಧಿಕಾರಿ ಮೇಜಿಗೇ. ಆ ಅಧಿಕಾರಿ ವರ್ಷದೊಳಗೆ ವರ್ಗ.

ಒಂದೇ ರಸ್ತೆ ಮೂರು ಸಲ

ಅಗೆತದ ಸಮಸ್ಯೆಗೆ ಎಲ್ಲರೂ ಹೇಳೋದು 'ಭ್ರಷ್ಟಾಚಾರ' ಅಂತ. ಇರಬಹುದು. ಆದ್ರೆ ಒಂದು ರೂಪಾಯಿ ಕಮಿಷನ್ ಇಲ್ಲದೆ ಹೋದ್ರೂ ಈಗಿರೋ ಪದ್ಧತಿಯಲ್ಲಿ ರಸ್ತೆ ಮೂರು ಸಲ ಅಗೆದೇ ಅಗೀತಾರೆ. ಹೇಗೆ ಅಂದ್ರೆ, ಕುಡಿಯೋ ನೀರು ಮತ್ತು ಯುಜಿಡಿ ಮಾಡೋದು ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ. ಕರೆಂಟ್ ಕೇಬಲ್ ಬೆಸ್ಕಾಂನದು. ಮುಖ್ಯರಸ್ತೆ ಲೋಕೋಪಯೋಗಿ ಇಲಾಖೆಯದೋ ಹೆದ್ದಾರಿಯವರದೋ. ಒಳರಸ್ತೆ ನಗರಸಭೆಯದು. ಮೊಬೈಲ್ ಕೇಬಲ್ ಖಾಸಗಿಯವರದು, ಈಗ ಮನೆಮನೆಗೆ ಗ್ಯಾಸ್ ಪೈಪ್ ಬೇರೆ. ಒಬ್ಬೊಬ್ಬರಿಗೂ ಬೇರೆ ಬೇರೆ ವರ್ಷದಲ್ಲಿ ಅನುದಾನ, ಬೇರೆ ಬೇರೆ ಟೆಂಡರ್. ಮಾರ್ಚ್ ಒಳಗೆ ಹಣ ಖರ್ಚಾಗದಿದ್ರೆ ವಾಪಸ್ ಹೋಗುತ್ತೆ ಅನ್ನೋ ಭಯ ಎಲ್ಲರಿಗೂ. ಹಾಗಾಗಿ ಮೊದಲು ಯಾರ ದುಡ್ಡು ಬಂತೋ ಅವರ ಕೆಲಸ ಮೊದಲು. ಮೊದಲು ಡಾಂಬರು ಬಂದ್ರೆ ಡಾಂಬರು. ಪೈಪ್ ಬಂದ ಮೇಲೆ ಡಾಂಬರಿನ ಮೇಲೇ ಜೆಸಿಬಿ.

ಇದರಲ್ಲಿ ಜನಕ್ಕೆ ಕಾಣದ ಇನ್ನೊಂದು ನಷ್ಟ ಇದೆ. ರಸ್ತೆ ಮಾಡಿದ ಗುತ್ತಿಗೆದಾರ ಇಷ್ಟು ವರ್ಷ ತನ್ನ ಖರ್ಚಿನಲ್ಲೇ ರಿಪೇರಿ ಮಾಡಿಕೊಡಬೇಕು ಅಂತ ಕರಾರಿನಲ್ಲಿ ಒಂದು ಅವಧಿ ಬರೆದಿರುತ್ತೆ. ಆ ಅವಧಿಯೊಳಗೆ ಬೇರೆ ಇಲಾಖೆ ಬಂದು ಅಗೆದರೆ ಅವನು ಕೈ ಎತ್ತುತ್ತಾನೆ: 'ನಾನು ಚೆನ್ನಾಗೇ ಮಾಡಿದ್ದೆ, ಕೆಡಿಸಿದ್ದು ಅವರು.' ಅಗೆದವನು ಮಣ್ಣು ತುಂಬಿ ಮೇಲೆ ನಾಲ್ಕು ಪುಟ್ಟಿ ಜಲ್ಲಿ ಸುರಿದು ಹೋಗ್ತಾನೆ. ಮಣ್ಣನ್ನ ಪದರ ಪದರವಾಗಿ ನೀರು ಹಾಕಿ ದಿಮ್ಮಸು ಹೊಡೆದು ಕೂರಿಸದಿದ್ರೆ ಮೊದಲ ಮಳೆಗೇ ಅದು ಕುಸಿಯುತ್ತೆ. ಬೈಕ್‌ನವನು ಬೀಳೋದು ಅಲ್ಲೇ. ಅಗೆಯೋಕೆ ಅನುಮತಿ ಕೊಡುವಾಗ ನಗರಸಭೆ ರಸ್ತೆ ಮರುನಿರ್ಮಾಣಕ್ಕೆ ಅಂತ ಹಣ ಕಟ್ಟಿಸಿಕೊಳ್ಳುತ್ತೆ. ಆ ಹಣ ಅದೇ ರಸ್ತೆಗೆ ಖರ್ಚಾಯ್ತಾ ಅನ್ನೋದನ್ನ ಕೇಳಿದವರು ಎಷ್ಟು ಜನ?

ಸ್ಮಾರ್ಟ್ ರಸ್ತೆ ಅನ್ನೋ ಕಲ್ಪನೆ ಹುಟ್ಟಿದ್ದೇ ಇದನ್ನ ತಪ್ಪಿಸೋಕೆ. ಪಕ್ಕದಲ್ಲಿ ಪೈಪ್, ಕೇಬಲ್‌ಗಳಿಗೆ ಮೊದಲೇ ಜಾಗ ಬಿಟ್ಟರೆ ಮುಂದೆ ಅಗೆಯೋ ಪ್ರಮೇಯ ಬರಲ್ಲ. ಕಾಗದದ ಮೇಲೆ ಒಳ್ಳೆ ಯೋಚನೆ. ಆದ್ರೆ ಹಳೇ ಪೇಟೆಯಲ್ಲಿ ನೆಲದ ಕೆಳಗೆ ಹಳೇ ನೀರಿನ ಲೈನ್ ಎಲ್ಲಿದೆ ಅನ್ನೋ ನಕ್ಷೆಯೇ ಇರಲ್ಲ. ಎಲ್ಲಿ ವಾಲ್ವ್ ಇದೆ ಅನ್ನೋದು ನೀರು ಬಿಡೋ ವಾಟರ್‌ಮ್ಯಾನ್‌ಗೆ ಮಾತ್ರ ಗೊತ್ತು. ಅವನು ನಿವೃತ್ತಿ ಆದ್ರೆ ನಕ್ಷೆಯೂ ನಿವೃತ್ತಿ.

ಅಂಗಡಿ ನೆಲ ಕೆಳಗೆ, ರಸ್ತೆ ಮೇಲೆ

ಧೂಳು, ಟ್ರಾಫಿಕ್ ಬಗ್ಗೆ ಎಲ್ಲರೂ ಮಾತಾಡ್ತಾರೆ. ಅಂಗಡಿಯವರಿಗೆ ಶಾಶ್ವತವಾಗಿ ಉಳಿಯೋ ಪೆಟ್ಟು ಬೇರೆ, ಅದು ರಸ್ತೆಯ ಎತ್ತರ. ಹಳೇ ಡಾಂಬರು ಕೆರೆದು ತೆಗೆಯದೆ ಅದರ ಮೇಲೇ ಇನ್ನೊಂದು ಪದರ, ಅದರ ಮೇಲೆ ಕಾಂಕ್ರೀಟ್. ಒಂದೊಂದು ಸಲಕ್ಕೆ ನಾಲ್ಕೈದು ಇಂಚು ಅಂತ ಇಟ್ಟುಕೊಂಡರೂ ಮೂರು ಸಲಕ್ಕೆ ಒಂದಡಿ. ಅಪ್ಪನ ಕಾಲದಲ್ಲಿ ಎರಡು ಮೆಟ್ಟಿಲು ಹತ್ತಿ ಅಂಗಡಿಗೆ ಬರಬೇಕಿತ್ತು, ಮಗನ ಕಾಲಕ್ಕೆ ರಸ್ತೆಗೆ ಸಮ, ಮೊಮ್ಮಗನ ಕಾಲಕ್ಕೆ ಎರಡು ಮೆಟ್ಟಿಲು ಇಳಿಯಬೇಕು. ಜೋರು ಮಳೆ ಬಂದ್ರೆ ರಸ್ತೆ ನೀರು ಒಳಗೆ. ಬೇಳೆ ಮೂಟೆ, ಸಿಮೆಂಟ್ ಚೀಲ, ಬಟ್ಟೆ ಗಂಟು ಯಾವುದಾದ್ರೂ ಸರಿ, ಕೆಳಗಿನ ಸಾಲು ಹೋಯ್ತು. ನೆಲ ಎತ್ತರಿಸೋಣ ಅಂದ್ರೆ ಷಟರ್ ಎತ್ತರ ಸಾಲಲ್ಲ, ತಾರಸಿ ತಲೆಗೆ ಹೊಡೆಯುತ್ತೆ. ಬಾಡಿಗೆ ಅಂಗಡಿ ಆದ್ರೆ ಮಾಲೀಕ ಒಪ್ಪಲ್ಲ.

ಇದನ್ನ ತಡೆಯೋದು ದೊಡ್ಡ ವಿಜ್ಞಾನ ಏನಲ್ಲ. ಹಳೇ ಪದರ ಕೆರೆದು ತೆಗೆಯೋ ಯಂತ್ರ ಇದೆ, ಅದನ್ನ ಅಂದಾಜುಪಟ್ಟಿಯಲ್ಲಿ ಒಂದು ಬಾಬ್ತಾಗಿ ಸೇರಿಸಬೇಕು ಅಷ್ಟೇ. ಸೇರಿಸದೆ ಇದ್ರೆ ಸ್ಥಳಕ್ಕೆ ಬಂದ ಎಂಜಿನಿಯರ್ ಹತ್ರ ಎಷ್ಟು ಜಗಳ ಆಡಿದ್ರೂ ಪ್ರಯೋಜನ ಇಲ್ಲ. ಅವರ ಕೈಲಿರೋ ಕಾಗದದಲ್ಲಿ ಅದು ಇಲ್ಲ.

ವ್ಯಾಪಾರದ ನಷ್ಟಕ್ಕೂ ಹೀಗೇ. ದಿನಕ್ಕೆ 15 ಸಾವಿರ ವ್ಯಾಪಾರ ಇರೋ ಒಂದು ಹಾರ್ಡ್‌ವೇರ್ ಅಂಗಡಿ ಅಂತ ಇಟ್ಟುಕೊಳ್ಳೋಣ. ಮುಂದೆ ಗುಂಡಿ ತೋಡಿ ಮೂರು ತಿಂಗಳು ಗಾಡಿ ನಿಲ್ಲೋಕೆ ಜಾಗ ಇಲ್ಲದೆ ಮೂರರಲ್ಲಿ ಒಂದು ಪಾಲು ವ್ಯಾಪಾರ ಹೋದ್ರೆ ದಿನಕ್ಕೆ 5 ಸಾವಿರ, 90 ದಿನಕ್ಕೆ 4.5 ಲಕ್ಷದ ವ್ಯಾಪಾರ ಖೋತಾ. ನೂರಕ್ಕೆ ಹತ್ತು ಲಾಭ ಅಂದ್ರೂ 45 ಸಾವಿರ ಜೇಬಿನಿಂದ ಹೋಯ್ತು. ಬಾಡಿಗೆ, ಹುಡುಗರ ಸಂಬಳ, ಬ್ಯಾಂಕ್ ಕಂತು ನಿಲ್ಲಲ್ಲ. ಜಮೀನು ಹೋದ್ರೆ ಪರಿಹಾರದ ಕಾನೂನಿದೆ. ಅಂಗಡಿ ಮುಂದೆ ಗುಂಡಿ ತೋಡಿದ್ದಕ್ಕೆ ಯಾರೂ ಪರಿಹಾರ ಕೊಡಲ್ಲ. ಅದೇ ತಿಂಗಳಲ್ಲಿ ಆಸ್ತಿ ತೆರಿಗೆ ತಡ ಆದ್ರೆ ಮಾತ್ರ ಜುಲೈನಿಂದ ತಿಂಗಳಿಗೆ ಶೇ 2ರಷ್ಟು ದಂಡ ಬೀಳುತ್ತೆ.

ತೆರಿಗೆ ವಿಷಯ ಬಂದಿದ್ದಕ್ಕೆ ಒಂದು ಮಾತು. 2021-22ರಿಂದ ರಾಜ್ಯದ ಪಟ್ಟಣಗಳಲ್ಲಿ ಆಸ್ತಿ ತೆರಿಗೆ ಲೆಕ್ಕ ಹಾಕೋದು ಸಬ್‌ರಿಜಿಸ್ಟ್ರಾರ್ ಮಾರ್ಗಸೂಚಿ ದರದ ಮೇಲೆ. ಅದಲ್ಲದೆ ವರ್ಷಕ್ಕೆ ಶೇ 3ರಿಂದ 5ರಷ್ಟು ಏರಿಕೆ. ರಸ್ತೆ ಅಗಲ ಆಯ್ತು ಅಂತ ದರ ಏರಿಸಿದರೆ ತೆರಿಗೆಯೂ ಏರುತ್ತೆ. ಅಂದ್ರೆ ಅಭಿವೃದ್ಧಿಯ ಬಿಲ್ಲು ಅಂಗಡಿಯವನಿಗೆ ಬಂದೇ ಬರುತ್ತೆ.

ಈಗ ನಮ್ಮ ಊರುಗಳ ಸರದಿ

ಮೊದಲನೇ ಅಮೃತ್ ಯೋಜನೆ 2015ರಲ್ಲಿ ಬಂದಾಗ ಅದು ಮುಖ್ಯವಾಗಿ ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆ ಇದ್ದ 500 ನಗರಗಳಿಗೆ. ಸುಮಾರು 60 ಸಾವಿರ ಜನರ ತಿಪಟೂರಿಗೆ ಅಲ್ಲಿ ಜಾಗ ಇರಲಿಲ್ಲ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮಾತು ಬಿಡಿ. 2021ರ ಅಕ್ಟೋಬರ್‌ನಲ್ಲಿ ಶುರುವಾದ ಅಮೃತ್ 2.0 ಕುಡಿಯುವ ನೀರಿನ ವಿಷಯದಲ್ಲಿ ಎಲ್ಲಾ ಪಟ್ಟಣಗಳಿಗೂ ಅನ್ವಯ. ತಿಪಟೂರು ನಗರಸಭೆ, ಚಿಕ್ಕನಾಯಕನಹಳ್ಳಿ ಪುರಸಭೆ, ತುರುವೇಕೆರೆ ಮತ್ತು ಹುಳಿಯಾರು ಪಟ್ಟಣ ಪಂಚಾಯಿತಿ, ಎಲ್ಲವೂ ಈ ಲೆಕ್ಕದೊಳಗೆ ಬರುತ್ತವೆ. ಮನೆಮನೆಗೆ ನಲ್ಲಿ ಒಳ್ಳೆಯದೇ. ಈಚನೂರು ಕೆರೆಗೆ ಹೇಮಾವತಿ ನೀರು ಬಂತಾ ಇಲ್ವಾ ಅಂತ ಕಾಯೋ ತಿಪಟೂರಿನವರಿಗೆ ನಲ್ಲಿ ನೀರಿನ ಬೆಲೆ ಗೊತ್ತು. ಆದ್ರೆ ಹೊಸ ಪೈಪ್ ಅಂದ್ರೆ ಹೊಸ ಅಗೆತ. ಅದರ ಜೊತೆಗೆ ನಗರೋತ್ಥಾನದ ರಸ್ತೆ ಕೆಲಸ ಬೇರೆ. ಎರಡರ ನಡುವೆ ಯಾವುದು ಮೊದಲು ಅಂತ ತೀರ್ಮಾನ ಮಾಡಿಸೋದು ಊರಿನವರ ಮುಂದಿರೋ ಕೆಲಸ.

ತಿಪಟೂರಿನ ವಿಶೇಷ ಕಷ್ಟ ಅಂದ್ರೆ, ಊರಿನ ದೊಡ್ಡ ವ್ಯಾಪಾರ ಊರಿನ ಬೊಕ್ಕಸಕ್ಕೆ ಬರಲ್ಲ. 2025ರಲ್ಲಿ ಕೊಬ್ಬರಿ ಕ್ವಿಂಟಾಲ್‌ಗೆ 25 ಸಾವಿರ ದಾಟಿದಾಗ ಇಡೀ ರಾಜ್ಯ ತಿಪಟೂರು ಮಾರುಕಟ್ಟೆ ಕಡೆ ನೋಡಿತು. ಎರಡೇ ವರ್ಷದ ಹಿಂದೆ ಬೆಂಬಲ ಬೆಲೆ 11,750 ಇದ್ದಾಗ ಮಾರುಕಟ್ಟೆ ಅದಕ್ಕಿಂತ ಸಾವಿರಾರು ರೂಪಾಯಿ ಕೆಳಗಿತ್ತು, ರೈತರು ಬೀದಿಗೆ ಇಳಿದಿದ್ರು. ಬೆಲೆ ಏರಲಿ ಇಳಿಯಲಿ, ಮಾರುಕಟ್ಟೆ ಶುಲ್ಕ ಹೋಗೋದು ಎಪಿಎಂಸಿಗೆ. ಹರಾಜಿನ ದಿನ ಊರಿಗೆ ಬರೋ ಲಾರಿ, ಟ್ರ್ಯಾಕ್ಟರ್, ಗೂಡ್ಸ್ ಆಟೋ ತುಳಿಯೋದು ಮಾತ್ರ ನಗರಸಭೆ ರಸ್ತೆಯನ್ನ. ಆಸ್ತಿ ತೆರಿಗೆ, ಮಳಿಗೆ ಬಾಡಿಗೆ, ನೀರಿನ ಕಂದಾಯ, ಟ್ರೇಡ್ ಲೈಸೆನ್ಸ್, ಮೇಲಿನಿಂದ ಬರೋ ಅನುದಾನ ಇಷ್ಟರಲ್ಲಿ ಆ ರಸ್ತೆ ನೋಡಿಕೊಳ್ಳಬೇಕು.

ಇನ್ನು ಬಿ.ಎಚ್. ರಸ್ತೆ. ಹೆಸರಿನಲ್ಲೇ ಬೆಂಗಳೂರು–ಹೊನ್ನಾವರ. ತುಮಕೂರು–ಶಿವಮೊಗ್ಗ ಹೆದ್ದಾರಿಯನ್ನ ನಾಲ್ಕು ಪಥ ಮಾಡೋ ಕೆಲಸದಲ್ಲಿ ಮಲ್ಲಸಂದ್ರದಿಂದ ಕರಡಿವರೆಗೆ ಒಂದು ಪ್ಯಾಕೇಜ್, ಕರಡಿಯಿಂದ ಬಾಣಾವರದವರೆಗೆ ಇನ್ನೊಂದು. ಹೊಸ ರಸ್ತೆ ತಿಪಟೂರನ್ನ ಬಳಸಿಕೊಂಡು ಹೊರಗೆ ಹೋಗುತ್ತೆ. ಲಾರಿ ಕಾಟ ತಪ್ಪುತ್ತೆ, ಶಾಲೆ ಮಕ್ಕಳು ರಸ್ತೆ ದಾಟಬಹುದು, ನಿಜ. ಆದ್ರೆ ಶಿವಮೊಗ್ಗ ಕಡೆ ಹೋಗೋ ಕಾರಿನವರು ಇಳಿದು ತಿಂಡಿ ತಿಂದು, ಕೊಬ್ಬರಿ, ಎಳನೀರು ತಗೊಂಡು ಹೋಗ್ತಿದ್ದ ವ್ಯಾಪಾರ ಬೈಪಾಸ್ ಮೇಲೆ ಹೋಗುತ್ತೆ. ಬೈಪಾಸ್ ಬಂದ ಮೇಲೆ ಊರೊಳಗಿನ ಹಳೇ ಹೆದ್ದಾರಿ ತುಂಡನ್ನ ಹೆದ್ದಾರಿಯವರು ರಾಜ್ಯಕ್ಕೆ ಬಿಟ್ಟುಕೊಡೋದು ರೂಢಿ. ಬಿಟ್ಟುಕೊಡುವ ಮುಂಚೆ ಒಮ್ಮೆ ಸರಿಮಾಡಿಸಿಕೊಳ್ಳದೆ ಇದ್ರೆ ಆಮೇಲೆ ಲೋಕೋಪಯೋಗಿಯವರು ನಗರಸಭೆ ಕಡೆ, ನಗರಸಭೆಯವರು ಲೋಕೋಪಯೋಗಿ ಕಡೆ ಬೊಟ್ಟು ಮಾಡ್ತಾರೆ. ಊರಿನ ನಡುವಿನ ಅತಿ ಅಗಲದ ರಸ್ತೆಗೇ ಅಪ್ಪ ಅಮ್ಮ ಇಲ್ಲದ ಹಾಗೆ ಆಗುತ್ತೆ. ಹಾಸನ ಸರ್ಕಲ್‌ನಿಂದ ಕೋಡಿ ಸರ್ಕಲ್‌ವರೆಗಿನ ಅಂಗಡಿಯವರು ಇದನ್ನ ತಲೆಗೆ ಹಾಕಿಕೊಳ್ಳಬೇಕು. ಕೆ.ಬಿ. ಕ್ರಾಸ್‌ನವರಿಗೂ ಇದೇ ಮಾತು. ಅಲ್ಲಿ ಚಿಕ್ಕನಾಯಕನಹಳ್ಳಿ–ತುರುವೇಕೆರೆ ಕಡೆಯ 150ಎ ಹೆದ್ದಾರಿಯೂ ಅಡ್ಡ ಹಾಯುತ್ತೆ, ಗಾಡಿ ನಿಲ್ಲೋದನ್ನೇ ನಂಬಿಕೊಂಡ ಅಂಗಡಿಗಳು ಎಷ್ಟೋ.

ಫುಟ್‌ಪಾತ್ ಮಾಡ್ತೀವಿ ಅಂತ ಮೊದಲು ಎಬ್ಬಿಸೋದು ಹೂವು, ಹಣ್ಣು, ಎಳನೀರಿನವರನ್ನ. 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸಮೀಕ್ಷೆ ಮಾಡಿ ಪ್ರಮಾಣಪತ್ರ ಕೊಡೋವರೆಗೆ ಎಬ್ಬಿಸೋ ಹಾಗಿಲ್ಲ, ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ 40ರಷ್ಟಾದ್ರೂ ಬೀದಿ ವ್ಯಾಪಾರಿಗಳೇ ಇರಬೇಕು. ಅಂಗಡಿಯವರಿಗೂ ತಳ್ಳುಗಾಡಿಯವರಿಗೂ ಜಗಳ ಇರೋದು ಹೊಸದಲ್ಲ. ಆದ್ರೆ ರಸ್ತೆ ಕೆಲಸದ ವಿಷಯದಲ್ಲಿ ಇಬ್ಬರದ್ದೂ ಒಂದೇ ಹೊಟ್ಟೆ.

ಅಧಿಕಾರಿಗಳ ಕಡೆಯ ವಾದವೂ ಇದೆ. ಅಗೆಯದೆ ಪೈಪ್ ಹಾಕೋಕಾಗಲ್ಲ, ಕೊರೋನಾದಲ್ಲಿ ಕೂಲಿಯವರು ಊರಿಗೆ ಹೋದ್ರು, ಹಳೇ ಪೇಟೆ ಇಕ್ಕಟ್ಟು. ಅರ್ಧ ಸರಿ. ಅಟ್ಟದ ಮೇಲೆ ಕಾಯಿ ಹಾಕಿ ಹತ್ತು ಹನ್ನೊಂದು ತಿಂಗಳು ಉಂಡೆ ಕೊಬ್ಬರಿಗೆ ಕಾಯೋ ಜನಕ್ಕೆ ಕಾಯೋದು ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ಕಾಯಿ ಯಾವಾಗ ಇಳಿಸಬೇಕು ಅನ್ನೋದು ಹಾಕಿದ ದಿನವೇ ಗೊತ್ತಿರುತ್ತೆ. ರಸ್ತೆ ಕೆಲಸದಲ್ಲಿ ಆ ದಿನ ಯಾವುದು ಅಂತ ಯಾರೂ ಹೇಳಲ್ಲ, ಸಿಟ್ಟು ಬರೋದು ಅದಕ್ಕೆ.

ತಿಪಟೂರು ಜಿಲ್ಲೆ ಆಗಬೇಕು ಅನ್ನೋ ಕೂಗು ಹಳೇದು. ಆದ್ರೆ ಜಿಲ್ಲಾ ಕೇಂದ್ರ ಆಗಿ, ಸಾವಿರ ಕೋಟಿ ಬಂದ ತುಮಕೂರಿನ ನಿವಾಸಿಯೇ ಇವತ್ತು ಗುಂಡಿ ಲೆಕ್ಕ ಹಾಕ್ತಿದ್ದಾನೆ. ಮುಂದೇನು ಅನ್ನೋದು ಅಲ್ಲಿಯೂ ಸ್ಪಷ್ಟ ಇಲ್ಲ. ಮಿಷನ್ ಮುಗಿದ್ರೂ ಸ್ಮಾರ್ಟ್ ಸಿಟಿ ಕಂಪನಿಗಳನ್ನ ಮುಚ್ಚದೆ ಬೇರೆ ಕೆಲಸಕ್ಕೆ ಬಳಸಿಕೊಳ್ಳಿ ಅಂತ ಕೇಂದ್ರ 2025ರ ಜೂನ್‌ನಲ್ಲಿ ರಾಜ್ಯಗಳಿಗೆ ಹೇಳಿದೆ. ಕ್ಯಾಮೆರಾ, ಲೈಟು, ಕಂಟ್ರೋಲ್ ರೂಮ್ ನಿರ್ವಹಣೆ ಖರ್ಚು ಕೊನೆಗೆ ಪಾಲಿಕೆ ತೆರಿಗೆಯಿಂದಲೇ ಬರಬೇಕಾಗುತ್ತೆ.

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯಲ್ಲಿ ಜೆಸಿಬಿ ಬರೋಕೆ ಮುಂಚೆ ಕೈಗೆ ಸಿಗಬೇಕಾದ ಕಾಗದ ಹೆಚ್ಚೇನಿಲ್ಲ. ಕಾರ್ಯಾದೇಶ, ಅಂದಾಜುಪಟ್ಟಿ, ಹಳೇ ಪದರ ಕೆರೆಯೋ ಬಾಬ್ತು ಇದೆಯಾ ಅನ್ನೋದು, ಮುಗಿಸೋ ದಿನಾಂಕ, ಗುತ್ತಿಗೆದಾರ ಎಷ್ಟು ವರ್ಷ ರಿಪೇರಿಗೆ ಹೊಣೆ ಅನ್ನೋದು. ಅದೇ ಬೀದಿಯಲ್ಲಿ ಅಗೆಯೋಕೆ ಬೇರೆ ಯಾವ ಇಲಾಖೆ ಅನುಮತಿ ಕೇಳಿದೆ, ಎಷ್ಟು ಹಣ ಕಟ್ಟಿದೆ ಅನ್ನೋದನ್ನೂ ಕೇಳಬಹುದು. ಸುಮ್ಮನೆ ಕೇಳಿದ್ರೆ ನಾಳೆ ಬನ್ನಿ ಅಂತಾರೆ. ಮಾಹಿತಿ ಹಕ್ಕಿನಲ್ಲಿ ಕೇಳಿದ್ರೆ 30 ದಿನದೊಳಗೆ ಉತ್ತರ ಕೊಡಬೇಕು. ಅರ್ಜಿ ಶುಲ್ಕ 10 ರೂಪಾಯಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ ಇರಬೇಕು. ಒಂದು ಬೀದಿಯ ಅಂಗಡಿಯವರು ಬೀದಿಗೊಂದರಂತೆ ಹಂಚಿಕೊಂಡು ಹಾಕಿದ್ರೆ ಒಬ್ಬೊಬ್ಬರ ಮೇಲೆ ಭಾರ ಬೀಳಲ್ಲ, ಒಬ್ಬರದೇ ಹೆಸರು ಅಂತ ಯಾರೂ ಗುರಿ ಮಾಡೋಕೂ ಆಗಲ್ಲ.